ಒಂದೇ ತೊಟ್ಟಿಯಲ್ಲಿ ಎರಡು ಗಂಡು ಮೀನು

ನಖೋನ್ ಪಥೋಮ್

ಅಣ್ಣಾ,

ಮನೆ ಬಿಡೋ ಮುಂಚೆ ಅತ್ತಿಗೆಗೆ ಅಂಗಳದಲ್ಲಿ ಮೀನಿನ ತೊಟ್ಟಿ ಮಾಡಿಕೊಟ್ಟು ಹೋಗು ಅಂದಿದ್ದೆಯಲ್ಲ, ಮಾಡಿದೀನಿ. ತಳಕ್ಕೆ ಕೆರೆ ಮಣ್ಣು ಹಾಕಿ, ನಡುವೆ ನೈದಿಲೆ, ಸುತ್ತ ದಟ್ಟವಾಗಿ ನೀರುಗಿಡ ನೆಟ್ಟಿದೀನಿ. ನೀರು ಇಳಿದರೆ ಮಳೆನೀರೇ ಹಾಕು.

ನಿನ್ನ ಮದುವೆಯಾದ ಮರುದಿನ ನೀನು ಎಲ್ಲರೆದುರು ನಕ್ಕೊಂಡು ಅಂದೆ: "ಲೇ ನೋಪ್, ಒಂದೇ ತೊಟ್ಟಿಲಿ ಎರಡು ಗಂಡು ಬಾಳ್ತಾವೇನೋ? ಗಂಟುಮೂಟೆ ಕಟ್ಟು."

ನೋಡೇಬಿಡೋಣ ಅನ್ನಿಸ್ತು. ಭಾನುವಾರದ ಪಂದ್ಯಕ್ಕೆ ನೀನು ಸಾಕಿದ ಕೆಂಪು ಕಾಳಗದ ಮೀನನ್ನ ಬಾಟಲಿಯಿಂದ ತೆಗೆದು ಆ ತೊಟ್ಟಿಲಿ ಬಿಟ್ಟಿದೀನಿ. ಜೊತೆಗೆ ನನ್ನ ಕರಿ ಗಂಡು ಮೀನನ್ನೂ ಬಿಟ್ಟಿದೀನಿ. ಗೆದ್ದದ್ದೂ ಭಾನುವಾರಕ್ಕೆ ಬರಲ್ಲ, ರೆಕ್ಕೆ ಹರಿದಿರುತ್ತೆ.

ಸೋತದ್ದು ಎಲೆ ಕೆಳಗೆ ಅಡಗಿರುತ್ತೆ, ಹುಡುಕು. ಅದಕ್ಕೇ ಗಿಡ ಅಷ್ಟು ದಟ್ಟವಾಗಿ ನೆಟ್ಟೆ. ನೀನು ನನಗೆ ಅಷ್ಟು ಜಾಗಾನೂ ಬಿಡಲಿಲ್ಲ.

ನಿನ್ನ ತಮ್ಮ,
ನೋಪ್