ಅಳತೆ ಇನ್ನೂ ಕಳಿಸಿಲ್ಲ

ಟೌನ್ಸ್‌ವಿಲ್
ಮಂಗಳವಾರ

ನೆವಿಲ್ ಅವರಿಗೆ,

ನಿಮ್ಮ ಈಜುಕೊಳದ ಹೊದಿಕೆಗೆಂದು ತೆಗೆದ ಅಳತೆಯನ್ನು ನಾನು ಇನ್ನೂ ಕಾರ್ಖಾನೆಗೆ ಕಳಿಸಿಲ್ಲ. ಅಳತೆಯಲ್ಲಿ ತಪ್ಪಿಲ್ಲ. ಬಾಗಿದ ಅಂಚಿನುದ್ದಕ್ಕೂ ಸೀಮೆಸುಣ್ಣದಲ್ಲಿ ಇಪ್ಪತ್ತಾರು ಗುರುತು ಹಾಕಿ, ಎರಡು ಗೂಟಗಳಿಂದ ಪ್ರತಿಯೊಂದಕ್ಕೂ ನೀವೂ ನಾನೂ ಟೇಪು ಹಿಡಿದಿದ್ದೇವೆ. ಹೊದಿಕೆ ಬೆರಳೂ ತೂರದಷ್ಟು ಸರಿಯಾಗಿ ಕೂರುತ್ತದೆ. ನನ್ನ ಭಯವೇ ಅದು.

ಕೊಳದ ಸುತ್ತಲಿನ ಬೇಲಿಯ ಗೇಟು ತಾನಾಗಿ ಮುಚ್ಚದಂತೆ ಹಾಲಿನ ಕ್ರೇಟು ಯಾಕೆ ಇಟ್ಟಿದ್ದೀರಿ ಎಂದು ಕೇಳಿದಾಗ ನೀವು ನಕ್ಕಿರಿ. "ಎರಡೂ ಕೈಲಿ ಸಾಸೇಜ್ ತಟ್ಟೆ ಇರತ್ತೆ ಡೋರೀನ್, ಗೇಟನ್ನ ಹಲ್ಲಲ್ಲಿ ತೆಗೀಲಾ? ಹೇಗೂ ಹೊದಿಕೆ ಬರತ್ತಲ್ಲ!"

ಆ ಹೊದಿಕೆ ನೀರನ್ನು ಬೆಚ್ಚಗಿಡುವ ತೆಳು ಹಾಳೆ, ಅಷ್ಟೇ. ಮಗುವಿನ ಭಾರ ತಾಳುವುದಿಲ್ಲ. ನಾನು ಎಷ್ಟು ಚೆನ್ನಾಗಿ ಅಳೆದರೆ, ನಿಮ್ಮ ಎರಡು ವರ್ಷದ ಮೊಮ್ಮಗಳು ಟಿಲ್ಲಿಯ ಕಣ್ಣಿಗೆ ಅದು ಅಷ್ಟು ಚೆನ್ನಾದ ನೀಲಿ ನೆಲ.

ಹದಿನೇಳನೇ ಗುರುತಿನಲ್ಲಿ ನಾನು ಟೇಪು ಬಿಟ್ಟು ಓಡಿದಾಗ "ಏನೇ, ಹಾವು ಕಂಡ್ಯಾ?" ಎಂದು ರೇಗಿಸಿದಿರಿ. ನಿಮ್ಮ ಕಣ್ಣು ಗೂಟದ ಮೇಲಿತ್ತು. ಟಿಲ್ಲಿ ಅಂಚಿನಲ್ಲಿ ಕೂತು ಎರಡೂ ಕಾಲನ್ನು ನೀರಿಗೆ ಇಳಿಬಿಟ್ಟಿದ್ದಳು. ನೀವು ತಿರುಗಿ ನೋಡುವಷ್ಟರಲ್ಲಿ ಅವಳು ನನ್ನ ಸೊಂಟದ ಮೇಲಿದ್ದಳು. ನೀವು ಅವಳಿಗೆ ಬಿಸ್ಕತ್ತು ಕೊಟ್ಟಿರಿ. ಆಗಲೇ ಹೇಳಬೇಕಿತ್ತು. ಅವಳನ್ನು ಕೆಳಗಿಳಿಸಿ ಮತ್ತೆ ಟೇಪು ಹಿಡಿದೆ.

ಕ್ರೇಟು ತೆಗೆಯಿರಿ. ಗೇಟಿನ ಸ್ಪ್ರಿಂಗು ಬದಲಿಸಿ. ಗುರುವಾರ ನಾಲ್ಕು ಗಂಟೆಗೆ ಬಂದು ಗೇಟನ್ನು ತೆರೆದು ಕೈಬಿಡುತ್ತೇನೆ. ತಾನಾಗಿ ಮುಚ್ಚಿ ಚಿಲಕ ಬಿದ್ದರೆ ಅಳತೆ ಅಂದೇ ಹೋಗುತ್ತದೆ. ಬೀಳದಿದ್ದರೆ ಈ ಪತ್ರದ ಪ್ರತಿ ಟಿಲ್ಲಿಯ ತಾಯಿಗೆ ಹೋಗುತ್ತದೆ.

ಇಂತಿ,
ಡೋರೀನ್ ಟಕ್‌ವೆಲ್