ಗಂಗೋತ್ರಿಯ ಇಷ್ಟಲಿಂಗ

ಪ್ರಹ್ಲಾದ ಮೇಷ್ಟ್ರಿಗೆ ಗಂಗೋತ್ರಿಯ ಅಜ್ಜಿಯ ಶರಣು.

ಕಬಡ್ಡಿ ಆಡುವವರ ಕೊರಳಲ್ಲಿ ಏನೂ ಇರಬಾರದು ಎಂಬುದು ನಿಮ್ಮ ಆಟದ ನಿಯಮ. ಇಷ್ಟಲಿಂಗ ಮೈಮೇಲಿಂದ ಇಳಿಯಬಾರದು ಎಂಬುದು ನಮ್ಮ ಮನೆಯ ನಿಯಮ. ಅದಕ್ಕೇ ಶಾಲೆಯ ಬಾಗಿಲಲ್ಲಿ ನಿಮಗೆ, "ಮೊದ್ಲ ನಿಮ್ಮ ಜನಿವಾರ ತಗದು ಗೂಟಕ್ಕ ಹಾಕ್ರಿ, ಆಮ್ಯಾಲ ನಮ್ಮ ಹುಡುಗಿ ಲಿಂಗ ತಗೀತಾಳ" ಎಂದೆ. ಅಂದದ್ದಕ್ಕೆ ನನಗೇನೂ ಬೇಸರವಿಲ್ಲ.

ನನ್ನ ಮಾತು ಮೀರಬಾರದೆಂದು ಗಂಗೋತ್ರಿ ತೆಕ್ಕಲಕೋಟೆಯ ಪಂದ್ಯದಲ್ಲಿ ಆಡದೆ ಕೂತಳು, ನೀವು ಸೋತಿರಿ. ಮರುದಿನ ಪೂಜೆಗೆ ಕೂತು ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡವಳ ತುಟಿ ಅಲುಗುತ್ತಿತ್ತು. ಮಂತ್ರವೆಂದು ಕಿವಿಗೊಟ್ಟರೆ "ಕಬಡ್ಡಿ, ಕಬಡ್ಡಿ" ಎನ್ನುತ್ತಿದ್ದಳು.

"ಏನಿದು ಹುಡುಗಿ?" ಎಂದೆ.

"ಅದ ಬಾಯಿಗೆ ಬರ್ತೈತಿ ಅಜ್ಜಿ, ನಾ ಏನ್ ಮಾಡ್ಲಿ?" ಎಂದಳು.

ಭಾನುವಾರ ಸಿರುಗುಪ್ಪದಲ್ಲಿ ಆಕೆಯನ್ನು ಆಡಿಸಿ. ಆಟ ಮುಗಿಯುವ ತನಕ ಆಕೆಯ ಲಿಂಗ ನನ್ನ ಕೊರಳಲ್ಲಿ ಇರುತ್ತದೆ. ಒಬ್ಬರದನ್ನು ಇನ್ನೊಬ್ಬರು ಕಟ್ಟಿಕೊಳ್ಳಬಾರದೆಂದು ಗೊತ್ತು. ಪಾಪ ಬಂದರೆ ನನಗಿರಲಿ. ಗೆರೆಯ ಪಕ್ಕ ನನಗೊಂದು ಕುರ್ಚಿ ಹಾಕಿಸಿ, ಎದುರಿಗೆ ಯಾರನ್ನೂ ನಿಲ್ಲಿಸಬೇಡಿ. ಕೊನೆಯ ಸೀಟಿ ಊದಿದ ಕೂಡಲೇ ಆಕೆ ನೆಟ್ಟಗೆ ನನ್ನ ಹತ್ತಿರ ಬರಬೇಕು. ಗೆದ್ದು ಕುಣಿಯುವುದು ಆಮೇಲೆ.

ಸ್ವಂತ ಕೈಬರಹದಲ್ಲಿ,
ಕೊಟ್ರಬಸಮ್ಮ, ಕುರುಗೋಡು