ಪುಸ್ತಕ ಹಿಡಿಯುವವನು

ಬೆರ್ರಿಯೆಸಾ, ಸ್ಯಾನ್ ಹೊಸೆ
ಗುರುವಾರ, ೧೪ ಜೂನ್ ೨೦೦೧

ಪ್ರಿಯ ವಿರುಪಾಕ್ಷಪ್ಪ,

ನಾಟಕದ ಬಾವುಟದ ವಿಷಯದಲ್ಲಿ ನೀನು ಹೇಳಿದ್ದೇ ಸರಿ ಇದ್ದರೂ ಇರಬಹುದು. ಆದರೆ ನಾಟಕಶಾಲೆಯ ಮೇಲೆ ಕಪ್ಪು ಬಾವುಟ ಹಾರಿದರೆ ಅವತ್ತು ದುರಂತ ನಾಟಕ ಎಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಪಾಠ ಮಾಡಿದ್ದು ನನಗೆ ನೆನಪಿದೆ. ಇಷ್ಟು ಹೇಳುವುದರೊಳಗೆ ನಿನ್ನೆ ಫೋನ್ ಕಾರ್ಡು ಮುಗಿದುಹೋಯಿತು. ನೀನು "ಬಿಳೀದು ಕಣೋ, ಬಿಳೀದು" ಎಂದು ಕೂಗುತ್ತಿದ್ದೆ, ಆಮೇಲೆ ಯಾವಳೋ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಅಂದಳು.

ನಿನ್ನ ಯುಗಾದಿಯ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬೈಯಬೇಡ. ಕಾರಣ ಇದೆ, ಹೇಳುತ್ತೇನೆ. ಸ್ಕೇಲು ಅಡ್ಡ ಇಟ್ಟುಕೊಂಡು ಬರೆಯುತ್ತಿದ್ದೇನೆ, ಆದರೂ ಸಾಲು ಒಂದರ ಮೇಲೊಂದು ಬಿದ್ದಿದ್ದರೆ ಹೊಂದಿಸಿಕೊಂಡು ಓದು. ತಂಗಿ ದಾನವ್ವನ ಮಂಡಿನೋವು ಕಡಿಮೆಯಾಯಿತೇ?

ಇಲ್ಲಿ ಎಲ್ಲರಿಗೂ ಹೆದರಿಕೆ ಹಿಡಿದಿದೆ. ಕಂಪನಿಗಳು ಬಾಗಿಲು ಹಾಕುತ್ತಿವೆ. ಅಳಿಯ ಬೆಳಿಗ್ಗೆ ಶೂ ಹಾಕಿಕೊಂಡ ಮೇಲೆ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಾನೆ. ಮಗಳು ಚಂದ್ರಕಲಾ ಏನೂ ಕೇಳದೆ ಡಬ್ಬಿ ಕೈಗೆ ಕೊಟ್ಟು ಕಳಿಸುತ್ತಾಳೆ. ಇಂಥ ಹೊತ್ತಿನಲ್ಲಿ ಇಲ್ಲಿಯ ಕನ್ನಡದವರಿಗೆ ನಾಟಕ ಬೇಕಾಗಿದೆ ನೋಡು! ಬರೆದವನು ಯತೀಶ್ ಎಂದು ಉಡುಪಿ ಕಡೆಯ ಹುಡುಗ. ನಾಲ್ಕು ಶತಮಾನದ ಹಿಂದೆ ಲಂಡನ್ನಿನಲ್ಲಿ ಒಂದು ನಾಟಕ ಕಂಪನಿ, ಊರಿಗೆ ಪ್ಲೇಗು ಬರುತ್ತದೆ, ನಾಟಕಶಾಲೆ ಮುಚ್ಚಿ ಎಂದು ಹುಕುಂ ಆಗುತ್ತದೆ, ಇದು ಕಥೆ. ಸರಟೋಗಾದ ಗುಡ್ಡದಲ್ಲಿ ಒಬ್ಬರ ಹಿತ್ತಲಿನಲ್ಲಿ ಹಲಗೆ ಜೋಡಿಸಿ ರಂಗ ಕಟ್ಟಿದ್ದಾರೆ. ಆ ಕಾಲದಂತೆಯೇ ಮೇಲೆ ಸೂರಿಲ್ಲ, ಲೈಟಿಲ್ಲ, ಬಿಸಿಲೇ ದೀಪ. ಜನ ನಿಂತೇ ನೋಡಬೇಕು. ಹಾಗೆ ನಿಲ್ಲುವವರಿಗೆ ಮೇಷ್ಟ್ರು ಏನೋ ಅನ್ನುತ್ತಿದ್ದರಲ್ಲ, ಗ್ರೌಂಡ್ಲಿಂಗ್ಸೋ ಏನೋ. ಹೆಣ್ಣು ಪಾತ್ರವೂ ಗಂಡಸರದೇ. ಸಾಗರ್ ಎಂಬ ಹುಡುಗ ರಾಣಿ. ಕೆಲಸ ಹೋಗಿದೆ ಪಾಪ. ಮೀಸೆ ತೆಗೆಯೋ ಅಂದರೆ, "ಸೋಮವಾರ ಇಂಟರ್‌ವ್ಯೂ ಇದೆ ಅಂಕಲ್, ರಾಣಿ ಮುಖ ಇಟ್ಕೊಂಡು ಹೋದ್ರೆ ಕೆಲಸ ಕೊಡ್ತಾರಾ?" ಅನ್ನುತ್ತಾನೆ.

ಈಗ ಮುಖ್ಯವಾದದ್ದು ಕೇಳು. ಆ ಕಾಲದಲ್ಲಿ ನಟರಿಗೆ ಇಡೀ ನಾಟಕ ಕೊಡುತ್ತಿರಲಿಲ್ಲವಂತೆ. ಎಲ್ಲ ಕೈಬರಹ, ಬೇರೆ ಕಂಪನಿಯವರು ಕದಿಯುವ ಭಯ ಬೇರೆ. ಒಬ್ಬೊಬ್ಬನಿಗೂ ಸುತ್ತಿದ ಕಾಗದದಲ್ಲಿ ಅವನ ಮಾತು ಮಾತ್ರ, ಅದಕ್ಕೆ ಮುಂಚೆ ಎದುರಿನವನ ಮಾತಿನ ಕೊನೆಯ ಪದ. ಆ ಪದ ಕಿವಿಗೆ ಬಿದ್ದರೆ ಬಾಯಿ ತೆರೆಯಬೇಕು, ಬೀಳದಿದ್ದರೆ ನಿಂತಿರಬೇಕು. ಪೂರ್ತಿ ನಾಟಕ ಇರುವುದು ಒಂದೇ ಪುಸ್ತಕದಲ್ಲಿ, ಅದನ್ನು ಹಿಡಿದು ಪರದೆಯ ಹಿಂದೆ ಒಬ್ಬ ನಿಂತಿರುತ್ತಾನೆ. ಯತೀಶ್ ಎಲ್ಲವನ್ನೂ ಹಾಗೇ ಮಾಡಿಸುತ್ತಿದ್ದಾನೆ. "ಪುಸ್ತಕ ನೀವೇ ಹಿಡೀಬೇಕು ಮಾರಾಯ್ರೆ, ನಿಮ್ಮ ಸ್ವರ ಒಳ್ಳೇದುಂಟು" ಎಂದು ನನ್ನ ಕೈಗೆ ಕೊಟ್ಟ. ಕಾಲೇಜಿನಲ್ಲಿ ನನಗೆ ಈಟಿ ಹಿಡಿದು ನಿಲ್ಲುವುದಕ್ಕಿಂತ ದೊಡ್ಡ ಪಾತ್ರ ಸಿಗಲಿಲ್ಲ, ನಿನಗೆ ಗೊತ್ತು. ಹಿಗ್ಗಿ ಒಪ್ಪಿಕೊಂಡೆ.

ವಿರುಪಾಕ್ಷ, ಆ ಪುಸ್ತಕ ಓದಲು ನನಗೆ ಆಗುತ್ತಿಲ್ಲ.

ಮೊದಮೊದಲು ಭೂತಗನ್ನಡಿ ಹಿಡಿದು ಓದಿದೆ. ಈಗ ಸುತ್ತಲಿಂದ ಮಬ್ಬು ಒಳಗೆ ಸರಿದು, ನಡುವೆ ಸೂಜಿಕಣ್ಣಿನಷ್ಟು ಜಾಗ ಉಳಿದಿದೆ. ರಿಹರ್ಸಲ್ ಕೇಳಿ ಕೇಳಿ ನಾಟಕ ಪೂರ್ತಿ ಬಾಯಿಗೆ ಬಂದಿದೆ, ಅದಕ್ಕೇ ನಡೆಯುತ್ತಿದೆ. ಪುಸ್ತಕ ತೆರೆದು ಹಿಡಿದಿರುತ್ತೇನೆ ಅಷ್ಟೆ. ಡಾಕ್ಟರಿಗೆ ತೋರಿಸು ಅನ್ನುತ್ತೀಯ. ತೋರಿಸಿದರೆ ಅವರು ಹೇಳಿಬಿಡುತ್ತಾರಲ್ಲ.

ನನ್ನಾಕೆ ಭದ್ರಮ್ಮನ ಕಡೆಯ ವರ್ಷ ನೀನೇ ನೋಡಿದ್ದೀಯ. ಸಕ್ಕರೆ ಕಾಯಿಲೆ ಅವಳ ಕಣ್ಣು ತಿಂದಿತ್ತು. ಮಟಮಟ ಮಧ್ಯಾಹ್ನದಲ್ಲಿ "ದೀಪ ಹಾಕ್ರೀ, ಕತ್ತಲಾಯ್ತು" ಅನ್ನುವಳು. ಹಗಲು ಕಣೇ ಎಂದು ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ. ಎದ್ದು ಹೋಗಿ ಟಕ್ ಎಂದು ಸ್ವಿಚ್ಚು ಒತ್ತಿ ಬರುತ್ತಿದ್ದೆ. "ಹಾಂ, ಈಗ ಸರಿಯಾಯ್ತು" ಅನ್ನುವಳು. ಆಗ ರಜೆಗೆ ಬಂದಿದ್ದ ಚಂದ್ರಕಲಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ಹೋದ ಭಾನುವಾರ ಸಿಕ್ಕಿಬೀಳುವುದಿತ್ತು. ಕಂಪನಿಯ ಯಜಮಾನನ ಪಾತ್ರ ಯತೀಶನದೇ. "ಬಾಗಿಲು ಹಾಕಿ, ಇನ್ನು ಆಟವಿಲ್ಲ" ಎಂದು ಅವನ ಮಾತು. ಹಿಂದಿನ ದಿನ ಅದನ್ನು "ಬಾಗಿಲು ತೆರೆದಿಡಿ, ಯಾರಾದರೂ ಬಂದಾರು" ಎಂದು ತಿದ್ದಿ, ಪುಸ್ತಕದಲ್ಲೂ ಬರೆದು, ಸಾಗರನ ಕಾಗದವನ್ನೂ ಬದಲಾಯಿಸಿದ್ದ. ಆದರೆ ರಂಗದ ಮೇಲೆ ಅವನಿಗೇ ಮಾತು ಮರೆತುಹೋಯಿತು. ನಾನು ಹಿಂದಿನಿಂದ ಹಳೆಯದನ್ನೇ ಹೇಳಿಕೊಟ್ಟೆ, ಅವನೂ ನಂಬಿ ಅದನ್ನೇ ಅಂದ. ಸಾಗರ್ ಬೀಸಣಿಗೆ ಹಿಡಿದು ನಿಂತ. ನಿಂತೇ ಇದ್ದ. ಯಾರಿಗೂ ಮುಂದಿನದು ಗೊತ್ತಿಲ್ಲ, ಎಲ್ಲರೂ ನನ್ನ ಕಡೆ ತಿರುಗಿದರು. ಕಡೆಗೆ ಸಾಗರನೇ, "ಅಂಕಲ್, ನನಗೆ 'ಬಂದಾರು' ಬೇಕು, ಬಂದಾರು ಬರ್ಲೇ ಇಲ್ಲ!" ಅಂದ. ಎಲ್ಲರೂ ನಕ್ಕರು.

ಯತೀಶ್ ಹಿಂದೆ ಬಂದು, "ಕೆಂಪು ಇಂಕಲ್ಲಿ ಇಷ್ಟು ದಪ್ಪಕ್ಕೆ ಬರ್ದಿದ್ದೇನಲ್ಲ ಅಂಕಲ್, ಕಾಣ್ಲಿಲ್ವಾ?" ಅಂದ.

"ಹಳೇದೇ ಚೆನ್ನಾಗಿತ್ತು ಕಣಪ್ಪ, ಬೇಕಂತಲೇ ಹೇಳ್ದೆ."

"ಎಂಥ ಜೋರುಂಟು ಮಾರಾಯ್ರೆ ನೀವು!"

ಹುಲ್ಲಿನ ಮೇಲೆ ಕೂತಿದ್ದ ಚಂದ್ರಕಲಾ ಮಾತ್ರ ನಗಲಿಲ್ಲ. ಕಾರು ಫ್ರೀವೇ ಹತ್ತಿದ ಮೇಲೆ, "ಅಪ್ಪಾ, ಶುರುವಿಂದ ಕೊನೇವರ್ಗೂ ನೀನು ಪುಟಾನೇ ತಿರುಗಿಸ್ಲಿಲ್ಲ" ಅಂದಳು. ಎಲ್ಲ ಬಾಯಿಪಾಠ ಕಣಮ್ಮ ಎಂದೆ.

ಈ ಭಾನುವಾರ ಆಟ. ಅಷ್ಟರಲ್ಲಿ ಯತೀಶ್ ಮತ್ತೆ ಏನಾದರೂ ತಿದ್ದಿದರೆ? ಯಾರನ್ನು ಓದಿಸಿ ಕೇಳಲಿ? ಹೇಳಿಬಿಟ್ಟರೆ ಪುಸ್ತಕ ಕಿತ್ತುಕೊಳ್ಳುತ್ತಾರೆ. ಮಗಳಿಗೆ ಗಂಡನ ಕೆಲಸದ ಭಯವೇ ಹೊರಲಾರದಷ್ಟಿದೆ, ಅದರ ಮೇಲೆ ಇದನ್ನೂ ಹೇರಲೇ? ನಾಟಕದ ಕೊನೆಗೆ ಎಲ್ಲರೂ ಹೊರಟುಹೋಗುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇತ್ತಲ್ಲ, ಎಕ್ಸಿಟ್ ಅಲ್ಲ, ಅದರ ಅಣ್ಣನೋ ತಮ್ಮನೋ ಇನ್ನೊಂದು. ನಿನಗೆ ನೆನಪಾದರೆ ಬರೆ. ದಪ್ಪ ಅಕ್ಷರದಲ್ಲಿ ಬರೆ.

ಬೆಳಕು ಹೋಗುತ್ತಿದೆ, ಕಾಗದವೂ ಪೆನ್ನೂ ಒಂದೇ ಬಣ್ಣವಾಗಿವೆ. ಆ ಕಾಲದವರೂ ಬೆಳಕಿರುವಾಗಲೇ ಆಟ ಮುಗಿಸುತ್ತಿದ್ದರಂತೆ, ನಾನೂ ನಿಲ್ಲಿಸುತ್ತೇನೆ. ದಾನವ್ವನಿಗೆ ನನ್ನ ನೆನಪು ತಿಳಿಸು. ಮೊಮ್ಮಕ್ಕಳು ಚೆನ್ನಾಗಿ ಬಾಳಲಿ. ದೇವರು ನಿನ್ನ ಕಣ್ಣನ್ನು ಕಾಪಾಡಲಿ.

ನಿನ್ನ
ನಂಜುಂಡಸ್ವಾಮಿ

ತಾ.ಕ.: ಲಕೋಟೆ ಅಂಟಿಸಲು ಕಾಣಲಿಲ್ಲ. ಚಂದ್ರಕಲಾಳನ್ನು ಕೂಗಿ, "ದೀಪ ಹಾಕಮ್ಮ, ಕತ್ತಲಾಯ್ತು" ಅಂದೆ. ಅಡುಗೆಮನೆಯಿಂದ ಬಂದ ಹೆಜ್ಜೆ ಬಾಗಿಲಲ್ಲೇ ನಿಂತಿತು. ಆಗ ನನ್ನ ಬಲಗೆನ್ನೆ ಬಿಸಿಯಾಗಿರುವುದು ಗಮನಕ್ಕೆ ಬಂತು. ಕಿಟಕಿಯ ಬಿಸಿಲು. ಅಳಿಯ ಇನ್ನೂ ಆಫೀಸಿನಿಂದ ಬಂದೇ ಇರಲಿಲ್ಲ. ಏನಾದರೂ ಹೇಳಿ ಮುಚ್ಚಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಗೋಡೆಯ ಹತ್ತಿರ ಹೋದದ್ದು ಕೇಳಿಸಿತು. ಟಕ್.

"ಈಗ ಕಾಣುತ್ತಾ ಅಪ್ಪಾ?" ಅಂದಳು.

"ಹಾಂ, ಈಗ ಸರಿಯಾಯ್ತು" ಅಂದೆ.